ನಲ್ಲಿಗೆ ಕಟ್ಟಿದ ಚೀಲ

ಬೆಳಗಿನ ನಾಲ್ಕಕ್ಕೆ ಫೋನು. ಐಲಿ ಕೋಸ್ಕಿ.
ಹಿಮ ಅಂದುಕೊಂಡೆ. ಸುಪೀರಿಯರ್ ಸರೋವರದ ಈ ದಂಡೆಗೆ
ಮೇ ತಿಂಗಳೂ ಒಮ್ಮೊಮ್ಮೆ ಬಿಳಿ ಕಂಬಳಿ ಹೊದ್ದು ಬರುತ್ತದೆ.
ಆಗೆಲ್ಲ ಶಾಲೆಗೆ ರಜೆ ಕೊಡುವವಳು
ಮೊದಲು ತಾನೇ ರಸ್ತೆಗಿಳಿಯಬೇಕು,
ಗಣಿಯ ಇಳಿಜಾರಲ್ಲಿ ಬ್ರೇಕು ಒತ್ತಿ ನೋಡಬೇಕು:
ಐವತ್ತು ಮಕ್ಕಳ ಬಸ್ಸು ಜಾರುವುದಾದರೆ
ಮೊದಲು ತನ್ನ ಕಾರು ಜಾರಲಿ ಅಂತ.

ಅದು ಬರೆದಿಟ್ಟ ನಿಯಮವಲ್ಲ.
ಬರೆದಿಟ್ಟದ್ದು ನನ್ನ ಬೆನ್ನ ಹಿಂದಿನ ಗೋಡೆಯಲ್ಲಿದೆ,
ಗಾಜಿನೊಳಗೆ, ಜಿಲ್ಲೆಯ ಶಾಲೆ ನಡೆಸುವವರ ನಡತೆಯ ಹತ್ತು ಕಲಮು.
ಇಪ್ಪತ್ತೆರಡು ವರ್ಷ ಅದರ ಧೂಳು ಒರೆಸಿದ್ದೇನೆ,
ಒಂದು ಸಲವೂ ಓದದೆ.
ಅದರ ಕೆಳಗೇ ಕೂತು, ಐಲಿಗಿಂತ ಹಿಂದಿನ ಸಾಹೇಬರು
ಬಾಯ್ಲರ್ ಕಂಪನಿಯವರ ದೋಣಿಯಲ್ಲಿ ಹಿಡಿದ ಮೀನು
ಇಷ್ಟುದ್ದ ಇತ್ತು ಅಂತ ಕೈ ಅಗಲಿಸುತ್ತಿದ್ದರು.
ಆ ಬಾಯ್ಲರ್ ಇವತ್ತಿಗೂ ಕೆಮ್ಮುತ್ತದೆ.
ಟೆಂಡರು ಟೈಪು ಮಾಡಿದ್ದು ನಾನೇ.
ಒಂದು ಕಾಗುಣಿತವೂ ತಪ್ಪಿರಲಿಲ್ಲ.

"ಹಿಮ ಅಲ್ಲ, ರೋವೀನಾ," ಅಂದಳು. "ನೀರು."

ಪೂರ್ವದ ಶಾಲೆ, ಎರಡನೇ ಕಾರಿಡಾರು,
ಒಂದನೇ ತರಗತಿಯವು ತುದಿಗಾಲಲ್ಲಿ ನಿಂತು ಕುಡಿಯುವ ನಲ್ಲಿ.
ನೀರಿನಲ್ಲಿ ಸೀಸ.
ಮಂಡಳಿಯ ಅಧ್ಯಕ್ಷ ವರ್ನ್ ಬೊಶಾಂಪ್ ನಿನ್ನೆ
ಚರ್ಚಿನ ಮೆಟ್ಟಿಲ ಮೇಲೆ ಅವಳ ತೋಳು ಹಿಡಿದು ಅಂದನಂತೆ:
"ಹೊಸ ಕಟ್ಟಡದ ತೆರಿಗೆಗೆ ಮಂಗಳವಾರ ಮತ.
ನೀನು ಬುಧವಾರ ಬಾಯಿ ಬಿಡು.
ಕಟ್ಟಡ ಬಂದರೆ ಕೊಳವೆಯೂ ಹೊಸತೇ ತಾನೆ?
ಎರಡು ದಿನದಲ್ಲಿ ಯಾರ ಮನೆ ಮುಳುಗುತ್ತದೆ?"

ವರ್ನ್ ಕೆಟ್ಟವನಲ್ಲ. ತೊಂದರೆ ಇರುವುದೇ ಅಲ್ಲಿ.
ಲೆಕ್ಕ ಹಾಕಿದರೆ ಕೂಡಿ ಬರುತ್ತದೆ ಅವನ ಮಾತು.

ಐದೂವರೆಗೆ ಕಚೇರಿಯಲ್ಲಿದ್ದೆವು.
ಅವಳ ಕೋಟಿನಡಿ ರಾತ್ರಿಯ ಅಂಗಿ, ಕಾಲಿಗೆ ಗಂಡನ ಬೂಟು.
ಅವಳು ಹೇಳುತ್ತ ಹೋದಳು, ನಾನು ಒತ್ತುತ್ತ ಹೋದೆ:
ತಾಯ್ತಂದೆಯರೇ, ಪರೀಕ್ಷೆಯ ವರದಿ ನನ್ನ ಕೈಸೇರಿದ್ದು
ಶುಕ್ರವಾರ, ಮಧ್ಯಾಹ್ನ ಮೂರೂ ಮುಕ್ಕಾಲಿಗೆ...

ನನ್ನ ಬೆರಳು ನಿಂತಿತು.
ಶನಿವಾರ ಅದೇ ಶಾಲೆಯ ಜಿಮ್ಮಿನಲ್ಲಿ
ಸ್ಕೌಟ್ ಮಕ್ಕಳ ಪ್ಯಾನ್‌ಕೇಕ್ ಊಟ ಇತ್ತು.
ಆ ನೀರಲ್ಲೇ ಹಿಟ್ಟು ಕಲಸಿದ್ದು.
ಸರದಿಯಲ್ಲಿ ನಾನೂ ನಿಂತಿದ್ದೆ, ಅವಳೂ ನಿಂತಿದ್ದಳು,
ತಟ್ಟೆ ಹಿಡಿದು, ತಿನ್ನದೆ.

"ಇತ್ತೀಚೆಗೆ ಅಂತ ಹಾಕಲೇ?" ಅಂದೆ ಮೆಲ್ಲಗೆ.
ಇಪ್ಪತ್ತೆರಡು ವರ್ಷದ ಅಭ್ಯಾಸ ಅದು;
ಇತ್ತೀಚೆಗೆ ಎನ್ನುವ ಪದದ ಮಡಿಲು ದೊಡ್ಡದು,
ಎಷ್ಟು ದಿನ ಬೇಕಾದರೂ ಮಲಗಿಸಬಹುದು.

ಅವಳು ಕಿಟಕಿಯ ಕಡೆ ತಿರುಗಿ ನಿಂತಳು.
ಹೊರಗೆ ಬೆಳಕು ಇನ್ನೂ ಬಿಟ್ಟಿರಲಿಲ್ಲ.
"ವರ್ನ್ ಬಾಯಿ ಬಿಡುವ ಮೊದಲೇ
ಎರಡು ರಾತ್ರಿ ಬಾಯಿ ಮುಚ್ಚಿದ್ದವಳು ನಾನು.
ಶುಕ್ರವಾರ ಅಂತಲೇ ಹಾಕು. ಪ್ಯಾನ್‌ಕೇಕೂ ಹಾಕು."

ಏಳಕ್ಕೆ ಜವಾನ ಓನಿ ನಲ್ಲಿನಲ್ಲಿಗೂ ಕಸದ ಚೀಲ ತೊಡಿಸಿ
ಯಾರೋ ಮರೆತು ಹೋದ ಶೂ ದಾರದಲ್ಲಿ ಬಿಗಿದ.
ಎಂಟಕ್ಕೆ ಬಸ್ಸುಗಳು ಬಂದವು.
ವರ್ನನ ಮೊಮ್ಮಗಳು ಇಳಿದಳು, ಬೆನ್ನ ಚೀಲದ ಎರಡೂ ಬದಿಗೆ
ಒಂದೊಂದು ನೀರಿನ ಬಾಟಲಿ.
ನಾನು ನೋಡಿದೆ. ಐಲಿಯೂ ನೋಡಿದಳು.
ಇಬ್ಬರೂ ಆ ಮಾತು ಎತ್ತಲಿಲ್ಲ, ಇವತ್ತಿನವರೆಗೆ.

ಮಂಗಳವಾರ ಅರವತ್ತೊಂದು ಮತದಿಂದ ಸೋತೆವು.
ಜೂನಿನ ಸಭೆಯಲ್ಲಿ ಅವಳ ಕರಾರು ಮುಂದುವರಿಸಲು
ಮೂರು ಕೈ ಎದ್ದವು, ನಾಲ್ಕು ಎದ್ದಿಲ್ಲ.
ಮೇಜು ಖಾಲಿ ಮಾಡುವಾಗ ಅವಳು ಕೇಳಿದ್ದು ಒಂದೇ:
ಕೊಳವೆಯವರು ಬಂದರಾ?

ಆ ಕಾಗದ ಒಂಬೈನೂರು ಮನೆಗೆ ಹೋಯಿತು.
ಒಂದು ಪ್ರತಿ ನನ್ನ ಡ್ರಾಯರಿನಲ್ಲಿದೆ.
ಕೈ ನಡುಗಿತ್ತೇನೋ, ಶುಕ್ರವಾರದಲ್ಲಿ ಒಂದಕ್ಷರ ಬಿಟ್ಟುಹೋಗಿದೆ.
ತಿದ್ದಿಲ್ಲ.