ಎಂಟು ಇಪ್ಪತ್ತರ ಗೂಡ್ಸ್

ವಾಡಿ ಜಂಕ್ಷನ್ನಿನ ಎದುರಿಗೇ ನನ್ನ ಖಾನಾವಳಿ.
ಎಂಟಕ್ಕ ಟಿವಿ ಹಚ್ತೀನಿ,
ಎಂಟು ಇಪ್ಪತ್ತಕ್ಕ ಸಿಮೆಂಟಿನ ಗೂಡ್ಸ್ ಬರ್ತದ.
ಐವತ್ತೆಂಟು ಡಬ್ಬಿ, ಎಣಿಸೀನಿ.
ಅಷ್ಟೂ ಹೊತ್ತು ಸೀರಿಯಲ್ಲಿನ ಮಂದಿ
ಬರೇ ಬಾಯಿ ಆಡಸ್ತಾರ, ಗಾಜಿನ ಬುಡ್ಡ್ಯಾಗಿನ ಮೀನಿನಂಗ.

ಹಿಂಗಾಗಿ ಆ ಕೂಸು ಯಾರದಂತ
ನನಗ ಇವತ್ತಿಗೂ ಗೊತ್ತಿಲ್ಲ.
ದೊಡ್ಡಪ್ಪನ ಕೈಯಾಗಿನ ತಾಟು ಬಿತ್ತು, ಮೂರು ಸಲ ಬಿತ್ತು,
(ಅವರ ಮನ್ಯಾಗ ಏನ್ ಬಿದ್ರೂ ಮೂರು ಸಲ ಬೀಳ್ತದ)
ಅಷ್ಟರಾಗ ನಾನು ಎರಡು ರೊಟ್ಟಿ ಬಡದು ಮುಗಿಸಿದ್ದೆ.

ಕೇಳದೆ ಬರೇ ನೋಡಿದ್ರ
ಮುಖ ಸುಳ್ಳು ಹೇಳೋದು ಲಗೂನ ತಿಳೀತದ್ರಿ.
ಅದಕ್ಕ ಹೇಳ್ತೀನಿ, ಧಾತ್ರಿ ನನಗ ಬ್ಯಾಡ.
ಜರಿ ಸೀರಿ ಉಟ್ಕೊಂಡೇ ಮಲಗ್ತಾಳ,
ನಿದ್ದಿಗಣ್ಣಾಗೂ ಕಾಡಿಗಿ ಕೆಡಂಗಿಲ್ಲ.
ಅಳ್ತಾಳ ಖರೆ, ಮೂಗು ಸೋರಂಗಿಲ್ಲ.
ಮೂಗು ಸೋರದ ಅಳು ಅದೇನು ಅಳು?

ಅತ್ತಿ ಕನಕಪ್ರಭಾ, ಆಕಿ ನನ್ನಾಕಿ.
ಹಾಲಿಗೆ ಏನರೆ ಬೆರಸ್ತಾಳ, ಕಾಗದ ಹರೀತಾಳ,
ಫ್ಯಾನಿನ ವೈರು ಕತ್ತರಸ್ತಾಳ.
ಕೆಟ್ಟಾಕಿ, ಇಲ್ಲನ್ನಲ್ಲ. ಆದ್ರ ಅಂಥಾ ಮನ್ಯಾಗ
ಮುಂಜಾನಿ ಎದ್ದು ಮಾಡೋ ಕೆಲಸಂತ ಇರೋದು
ಆಕಿ ಒಬ್ಬಾಕಿಗೇ ನೋಡ್ರಿ.
ಗಂಡಸರು ಕೋಟು ತೊಟ್ಟು ಮೆಟ್ಟಿಲು ಇಳೀತಾರ.
ಎಲ್ಲಿಗೆ ಹೋಗ್ತಾರ? ಮತ್ತ ಮೆಟ್ಟಿಲು ಹತ್ತಲಾಕ ಬರ್ತಾರ.

ನೆಗೆಣ್ಣಿ ಸಾಬಮ್ಮಂದು ಧಾತ್ರಿ ಪಾರ್ಟಿ.
ಹೋದ ದಸರಾದಾಗ ಇದೇ ಮಾತಿಗೆ ಜಗಳಾಗಿ
ಬನ್ನಿ ಕೊಡ್ಲಾಕ ಬರಲಿಲ್ಲ ಆಕಿ.
ನಾನೂ ಹೋಗಲಿಲ್ಲ.

ಒಂಬತ್ತಕ್ಕ ಕಾಮಿಡಿ. ಅದರಾಗೊಬ್ಬ ಪೇದೆ ಪರಪ್ಪ
ನಮ್ಮ ಕಡಿ ಮಾತು ಆಡ್ತಾನ, ಅಂದ್ರ ಅವರು ತಿಳಕೊಂಡಷ್ಟು.
ಅವ "ಹೌದ್ರಿ" ಅಂದ್ರ ಸಾಕು,
ಕಾಣದ ಮಂದಿ ಹೋ ಅಂತ ನಗ್ತಾರ.
ಹೌದ್ರಿ ಅನ್ನೋದರಾಗ ನಗೋದೇನದ?
ನಾ ದಿನಕ್ಕ ನೂರು ಸಲ ಅಂತೀನಿ,
ಉದ್ರಿ ಉಂಡವರೂ ನಕ್ಕಿಲ್ಲ.
"ಅವಗ ಪಗಾರ ಅದಕ್ಕೇ ಕೊಡ್ತಾರ ಬಾಯಿ" ಅಂದ ಗಾರ್ಡ್ ಖ್ವಾಜಾಮಿಯಾ.
ಇರ್ಲಿ. ಆದ್ರ ಒಮ್ಮೆರೆ ಆ ಪರಪ್ಪಗ ಒಬ್ಬ ಕಳ್ಳ ಸಿಗಲಿ,
ಪ್ಯಾಂಟು ಉದುರದೆ ಸಿಗಲಿ.

ನಮ್ಮ ಗಿರಾಕಿ ನಗೋದು ಬ್ಯಾರೆ ಕಡಿ:
ಧಾತ್ರಿಯ ಗಂಡ ಮನಸು ಮುರದು ಊಟ ಬಿಟ್ಟು ಎದ್ದಾಗ.
"ತುಂಬಿದ ತಾಟು ಬಿಟ್ಟು ಎದ್ದ ನೋಡೋ ಮಗ!"
ನೈಟ್ ಡ್ಯೂಟಿಯವರು ಪುಂಡಿಪಲ್ಯ ನೆತ್ತಿಗೇರಿ ಕೆಮ್ತಾರ.

ಇಷ್ಟೆಲ್ಲಾದರ ನಡುವ ಒಬ್ಬಾಕಿ ಇದ್ದಳು.
ಕಾಫಿ ತರ್ತಾಳ, ಇಡ್ತಾಳ, ಹೋಗ್ತಾಳ.
ಹೆಸರಿಲ್ಲ. ನಾಕನೂರಾ ಹನ್ನೆರಡು ದಿನ ಒಂದು ಮಾತಿಲ್ಲ.
ಬಾಗಿಲ ಹತ್ರ ಒಂದು ಘಳಿಗಿ ನಿಂತು
ಎಡಗಾಲಿನ ಭಾರ ಬಲಗಾಲಿಗೆ ಹಾಕ್ತಾಳ.
ಅದನ್ನ ಆಕಿಗೆ ಯಾರೂ ಕಲಿಸಿಲ್ಲ.
ಒಲಿ ಮುಂದ ನಿಂತ ಕಾಲಿಗಷ್ಟೇ ಅದು ಬರ್ತದ.

ಹೋದ ಗುರುವಾರ ಕನಕಪ್ರಭಾ ಆಕಿ ಮ್ಯಾಲ ಚೀರಿದಳು.
ಆಕಿ ತಾಟು ಕೆಳಗಿಟ್ಟಳು,
ಸೆರಗಿಗೆ ಕೈ ಒರಸ್ಕೊಂಡಳು, ಮುಖ ಎತ್ತಿ
ಬಾಯಿ ತೆರದಳು

ಗೂಡ್ಸ್.

ಖಾನಾವಳಿ ಪೂರಾ ಎದ್ದು ನಿಂತಿತ್ರಿ.
ಖ್ವಾಜಾಮಿಯಾ ತನ್ನ ರೈಲಿಗೇ ಬೈದ.
ಹತ್ತನೇ ಡಬ್ಬಿ, ಆಕಿ ಮಾತಾಡ್ತಿದ್ದಳು.
ಮೂವತ್ತನೇದು, ಇನ್ನೂ ಮಾತಾಡ್ತಿದ್ದಳು.
ಕನಕಪ್ರಭಾ ಸೋಫಾದ ಮ್ಯಾಲ ಕುಂತಳು,
ಒಂದೇ ಸಲ ಕುಂತಳು, ಮೂರು ಸಲ ಅಲ್ಲ.
ಐವತ್ತೆಂಟನೇ ಡಬ್ಬಿ ದಾಟಿದಾಗ
ಸಾಬೂನಿನ ಜಾಹೀರಾತು.

"ಮೊಬೈಲಿನಾಗ ಹಚ್ಚಿ ತೋರಸ್ಲೇನು?" ಅಂದ ತಾಟು ತೊಳಿಯೋ ಭೀಮಶಾ.
ಬ್ಯಾಡ ಅಂದೆ.
ಯಾಕ ಅಂದ.
ಹಂಚಿನ ಮ್ಯಾಲ ರೊಟ್ಟಿ ಕರ್ರಗಾಗಿತ್ತು, ತಗದು ಆಚಿ ಒಗದೆ.
ಆಕಿ ಏನಂದಿರಬೇಕು ಅಂತ ನಾ ಆಗಲೇ ಬರಕೊಂಡಿದ್ದೆ ಒಳಗ,
ಅವರಿಗೆ ಅಷ್ಟು ಚೊಲೋ ಬರಿಲಾಕ ಬರಂಗಿಲ್ಲ.

ಶುಕ್ರವಾರ ಕಾಫಿ ತಂದಾಕಿ ಹೊಸಬಳು, ಸಣ್ಣ ವಯಸ್ಸು.
ಬಾಗಿಲ ಹತ್ರ ಎರಡೂ ಕಾಲ ಮ್ಯಾಲ
ನೆಟ್ಟಗ ನಿಂತಿದ್ದಳು.