ಐದನೆಯ ಕಾಲಂ

ತಾರ್ತು ಊರಿನಲ್ಲಿ ಮೂರೂವರೆಗೇ ಕತ್ತಲು.
ನದಿಯ ಮೇಲೆ ತೆಳ್ಳನೆ ಮಂಜು ಕಟ್ಟಿದೆ,
ಹಕ್ಕಿಯ ಭಾರವನ್ನಷ್ಟೇ ತಡೆಯುತ್ತದೆ.
ಎರಡನೆಯ ಮಹಡಿಯಲ್ಲಿ ಪಿರೆತ್
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ
ಶಾಲೆಮಕ್ಕಳ ಮಾತು ಆರಿಸುತ್ತಾಳೆ,
ದಿನಕ್ಕೆ ಎಂಟುನೂರು ಸಾಲು.

ಯಂತ್ರ ಕಲಿಯಬೇಕಲ್ಲ,
ಯಾವುದು ಚೇಷ್ಟೆ, ಯಾವುದು ಚುಚ್ಚು ಅಂತ.

'ಹಂದಿ' ಅಂದರೆ ಕೆಂಪು. ಮೊದಲ ವಾರವೇ ಕಲಿಯಿತು.
'ಸಾಯಿ' ಅಂದರೂ ಕೆಂಪು.
'ಸಾಯಿಸ್ತೀನಿ ನಿನ್ನ, ನನಗೂ ಒಂದು ಐಸ್‌ಕ್ರೀಮ್ ತರಬಾರದಿತ್ತಾ'
ಎಂದ ಗೆಳತಿಯನ್ನೂ
ಕಿವಿ ಹಿಡಿದು ಬಾಗಿಲಲ್ಲಿ ನಿಲ್ಲಿಸಿತು.
ಪಿರೆತ್ ನಗುತ್ತಾ ತಿದ್ದಿದಳು.

ಆಮೇಲೆ ಬಂತು ೪೧೧೭ನೆಯ ಸಾಲು:
'ಸ್ವೆಟರ್ ಚೆನ್ನಾಗಿದೆ.'
ಕೆಳಗೆ ಹನ್ನೊಂದು ಹೆಬ್ಬೆರಳು.
'ಇವತ್ತೂ ಚೆನ್ನಾಗಿದೆ.'
'ನಾಳೆಯೂ ಚೆನ್ನಾಗಿರುತ್ತೆ, ನೋಡ್ತಿರಿ.'
ಯಂತ್ರ ಹೇಳಿತು: ಹೊಗಳಿಕೆ,
ನೂರಕ್ಕೆ ತೊಂಬತ್ತೇಳು.

ಸ್ವೆಟರು ತೊಟ್ಟದ್ದು ಹುಡುಗನೋ ಹುಡುಗಿಯೋ?
ಹೆಸರು ಅಳಿಸಿ ಸಂಖ್ಯೆ ಕೊಟ್ಟಿದ್ದಾರೆ.
ಅವರ ಭಾಷೆಯಲ್ಲಿ ಅವನಿಗೂ ಅವಳಿಗೂ ಒಂದೇ ಪದ, 'ತಾ'.
ಕನ್ನಡದಲ್ಲಿ ಹೇಳಹೊರಟ ನಾನು
ಒಂದನ್ನು ಆರಿಸಲೇಬೇಕು.
ಆರಿಸದೆ, ಮಗು ಎನ್ನುತ್ತೇನೆ.
ಮಗು ಅಂದರೆ ಅದು.
ಯಂತ್ರವೂ ಅದು.

ಅದು ಒಮ್ಮೆ ಉತ್ತರ ಕೊಟ್ಟಿತ್ತು:
'ಥ್ಯಾಂಕ್ಸ್', ಜೊತೆಗೊಂದು ನಗುಮುಖ.
ಆಮೇಲೆ ಮೂರು ವಾರ
ಆ ಸಂಖ್ಯೆ ಎಲ್ಲೂ ಇಲ್ಲ.

ಪಟ್ಟಿಯಲ್ಲಿರುವುದು ನಾಲ್ಕೇ ಕಾಲಂ.
ಕಾಡಿದವರು, ಕಾಡಿಸಿಕೊಂಡವರು,
ಕುಮ್ಮಕ್ಕು ಕೊಟ್ಟವರು, ತಡೆದವರು.
ಈ ಹನ್ನೊಂದು ಹೆಬ್ಬೆರಳನ್ನು ಎಲ್ಲಿಡುವುದು?

ಪಿರೆತ್‌ಗೆ ಆ ಸ್ವೆಟರು ಗೊತ್ತು.
ಉಣ್ಣೆ ಸಾಲದೆ
ಒಂದು ತೋಳು ಹಸಿರು, ಒಂದು ಕಂದು.
ಫೋನಿಲ್ಲದ ಕಾಲ, ಆರನೆಯ ತರಗತಿ,
ಸ್ಟೌವಿನ ಪಕ್ಕ ಕೂರುತ್ತಿದ್ದ ಲೆಂಬಿ.
ಚೆನ್ನಾಗಿದೆ ಅಂದದ್ದು ಬೇರೆ ಯಾರೋ.
ಎಲ್ಲರೂ ನಕ್ಕರು.
ಎಲ್ಲರೂ ಎಂದು ಬರೆಯುವುದು ಸುಲಭ.

ಮೇಲಿನವರಿಗೆ ಕೇಳಿದಳು:
ಇನ್ನೊಂದು ಕಾಲಂ ಬೇಕು, ಸುಮ್ಮನೆ ನಕ್ಕವರಿಗೆ.
ಉತ್ತರ ಬಂತು, ಸಭ್ಯವಾಗಿಯೇ:
ಈ ವರ್ಷ ಆಗದು, ಅನುಮಾನವಿದ್ದರೆ ಖಾಲಿ ಬಿಡಿ.

ಬಿಡಲಿಲ್ಲ.
ಕೋಟು ಹಾಕಿಕೊಂಡು, ದೀಪ ಆರಿಸುವ ಮುಂಚೆ
ನಿಂತುಕೊಂಡೇ
ಆ ಮೂರೂ ಸಾಲಿಗೆ ಕೆಂಪು ಒತ್ತಿದಳು.

ಮರುದಿನ ಇನ್ನಾವುದೋ ಶಾಲೆಯ,
ಇನ್ನಾರದೋ ಟೋಪಿ ಚೆನ್ನಾಗಿತ್ತು.
ಯಂತ್ರ ತುಸು ತಡೆದು
ತೊಂಬತ್ತಾರು ಎಂದಿತು.