ಹಳದಿ ಪಟ್ಟಿ, ಕೆಂಪು ಪಟ್ಟಿ

ಚೌಬಾರದ ಹತ್ತಿರ ಮುಕರ್ರಮ್ ಭಾಯಿ ಅಂಗಡ್ಯಾಗ
ನನ್ನ ಆಧಾರ್ ಕಾರ್ಡು ಒತ್ತೆ ಬಿತ್ತು, ಒಂದು ರಾತ್ರಿಗೆ.
ಬದಲಿಗೆ ಚೀಲದಾಗ ಎರಡು ಕ್ಯಾಮೆರಾ,
ಯಾರ್ಯಾರದೋ ಕೊರಳು ದಾಟಿ ಬಂದವು,
ಒಂದಕ್ಕ ಹಳದಿ ಪಟ್ಟಿ, ಒಂದಕ್ಕ ಕೆಂಪು.
"ಎರಡೂ ಕಲಿಯೋರವೇ, ಬೇಟಿ,
ಎರಡೂ ಇಪ್ಪತ್ನಾಲ್ಕು ಮೆಗಾಪಿಕ್ಸೆಲ್,
ಕಾಗದದ ಮ್ಯಾಲ ಅಕ್ಕ-ತಂಗಿ.
ಮನಿಗಿ ಒಯ್ದು ನೋಡು. ನಿಂದು ಯಾವ ಕೆಲಸ,
ಅದು ತಿಳೀಲಾರದ ರೇಟು ಕೇಳಬ್ಯಾಡ."

ನಂದು ಕಪ್ಪಿನ ಕೆಲಸ, ಭಾಯಿ.
ಅಪ್ಪ ಮಾಡಿದ ಬಿದರಿ ಸುರಾಹಿ
ಫೋನಿನಾಗ ತಗದ್ರ ಅಲ್ಯುಮಿನಿಯಂ ತಂಬಿಗಿ ಆಗ್ತದ.
ಹುಬ್ಬಳ್ಳಿ ಗಿರಾಕಿ ಕೇಳಿದ್ದ:
ಬಣ್ಣ ಹೋಗ್ಯಾದೇನ್ರಿ?

ಟ್ರೈಪಾಡ್ ಇಲ್ಲ. ಜೋಳದ ಡಬ್ಬಿ ಮ್ಯಾಲ ಮಡಚಿದ ಕೌದಿ,
ಅದರ ಮ್ಯಾಲ ಹಳದಿ ಪಟ್ಟಿ.
ಕ್ಯಾಮೆರಾಕ್ಕೂ ಒಂದು ಹಟ ಇರ್ತದ.
ಕಪ್ಪು ಕಂಡ್ರ ಕತ್ತಲಿ ಅಂತ ತಿಳಕೊಂಡು
ಬೆಳಕು ಸುರೀತದ, ಬೂದಿ ಮಾಡ್ತದ.
ಒಂದು ಮೆಟ್ಟಲ ಇಳಿಸಿದೆ. ಮತ್ತ ಅರ್ಧ.
ಆಗ ಬಂತು ನೋಡ್ರಿ
ಕ್ವಾಟಿ ಮಣ್ಣು ತಿಕ್ಕಿ ಎಬ್ಬಿಸಿದ ಕಪ್ಪು,
ಎಣ್ಣಿ ಹಚ್ಚಿದ ಮೊದಲ ದಿನದ ಕಪ್ಪು!
ಬೆಳ್ಳಿ ಎಳಿ ಒಂದೊಂದೂ ಎಣಿಸಬಹುದಿತ್ತು,
ಹೂವಿನ ಅಂಚು ಉರೀಲಿಲ್ಲ, ನೆರಳು ಸಾಯ್ಲಿಲ್ಲ.
ಕೆಂಪು ಪಟ್ಟಿದೂ ತಗದೆ.
ಸುಳ್ಳು ಯಾಕ ಹೇಳ್ಲಿ, ಚೊಲೋನೇ ಬಂತು,
ನೆರಳು ಜರಾ ಎತ್ತಿದ್ರ ಮಾತ್ರ
ರವಾ ಚೆಲ್ಲಿದಂಗ ಚುಕ್ಕಿ.

ವಿಡಿಯೋಕ್ಕ ಹಚ್ಚಿದೆ. ಆಟ ತಿರುಗಿತು.
ಹಳದಿ ಪಟ್ಟಿಗಿ ಅಪ್ಪನ ಕೈ ಸಿಗವಲ್ದು.
ಉಳಿ ಬಿಟ್ಟು ಗ್ವಾಡಿ ಹಿಡೀತದ, ಮತ್ತ ಬರ್ತದ, ಮತ್ತ ಹೋಗ್ತದ,
ಸಂತ್ಯಾಗ ಕೂಸು ಕಳಕೊಂಡವರಂಗ.
ಕೆಂಪು ಪಟ್ಟಿಗಿ ಒಮ್ಮೆ ಬಟ್ಟು ಮುಟ್ಟಿಸಿ ತೋರಿಸಿದೆ:
ಇದು, ಈ ಹೆಬ್ಬೆರಳು.
ಆಮ್ಯಾಲ ಅದು ಬಿಡ್ಲೇ ಇಲ್ಲ.

ಅಪ್ಪಗ ಅಷ್ಟು ಸಣ್ಣ ಪರದೆ ಕಾಣಂಗಿಲ್ಲ,
ಎಡಗಣ್ಣಾಗ ಪೊರಿ. ದೀಪಾವಳಿ ಆಗ್ಲಿ ಅಂತಾನ,
ಯಾವ ದೀಪಾವಳಿ ಅಂತ ಹೇಳಂಗಿಲ್ಲ.
"ಸಪ್ಪಳ ಹಚ್ಚು, ಸಾಕು" ಅಂದ.
ಹಳದಿದು ಹಚ್ಚಿದೆ.
"ಇದರಾಗ ಹುಳ ಕೊರೀಲಾಕತ್ತದ."
ಲೆನ್ಸಿನ ಮೋಟಾರು ಅಪ್ಪ, ಹುಡುಕ್ಯಾಡ್ತದ.
"ಇನ್ನೊಂದು?"

ಟಕ್ ಟಕ್ ಟಕ್
ಟಕ್
ಟಕ್ ಟಕ್

"ಯಾರಿವ?"
ನೀನೇ.
"ಅಲ್ಲ. ಇವ ನಡುನಡು ನಿಲ್ತಾನ.
ಹಿಂಗ ನಿಂತ್ರ ಎಳಿ ಕೂಡಂಗಿಲ್ಲ.
ನನ್ನ ಉಸ್ತಾದ ಇವನ್ನ ಮಣಿ ಮ್ಯಾಲಿಂದ ಎಬ್ಬಸ್ತಿದ್ದ."

ನಾ ಸೌಂಡ್ ಕಡಿಮಿ ಮಾಡಿದೆ.
ಅವ ಸುತ್ತಿಗಿ ಒರಸಿದ, ಒರಸಿದ್ದೇ ಮತ್ತ ಒರಸಿದ.
ಡಬ್ಬಿ ಮ್ಯಾಲ ಹಳದಿ ಪಟ್ಟಿಯೊಳಗ ಸುರಾಹಿ ಹೊಳೀತಿತ್ತು,
ಅದರಾಗ ಯಾರೂ ಎಲ್ಲೂ ನಿಂತಿದ್ದಿಲ್ಲ.

ಮುಂಜಾನಿ ಚಾ ಬಸೀತಾ ಅಪ್ಪನೇ ಅಂದ:
"ಹಳದಿ ತಗೋ. ಗಿರಾಕಿಗಿ ಸುರಾಹಿ ಬೇಕು,
ಮಾಡಾವ ಹ್ಯಾಂಗ ಮಾಡ್ದ, ಅವರಿಗ್ಯಾಕ?"

ಹದಿನೆಂಟು ಸಾವಿರ ಅಂದ ಭಾಯಿ,
ಹದಿನಾರೂವರಿಗಿ ಮುಗೀತು.
"ವಿಡಿಯೋ ಬ್ಯಾಡೇನು? ಈಗಿನ ಮಂದಿ ಅದನ್ನೇ ನೋಡ್ತದ."
ಬ್ಯಾಡ ಭಾಯಿ.
ಆಧಾರ್ ಕಾರ್ಡು ಕೈಗಿ ಬಂತು,
ಕೆಂಪು ಪಟ್ಟಿ ಗಾಜಿನ ಹಿಂದ ಹೋಗಿ ಕುಂತ್ತು.

ಅದರ ಹೊಟ್ಟ್ಯಾಗಿನ ಮೆಮೊರಿ ಕಾರ್ಡು ಮಾತ್ರ
ನನ್ನ ಮುಷ್ಟ್ಯಾಗ. ನಂದೇ ಅದು,
ನಾನೂರೈವತ್ತು ಕೊಟ್ಟು ತಂದದ್ದು.
"ಅದರಾಗಿನ ಹನ್ನೊಂದು ನಿಮಿಷ ಅಳಿಸು,
ಎರಡು ಸಾವಿರ ಫೋಟೋ ಹಿಡೀತಾವ."
ಹಿಡೀಲಿ ಬಿಡ್ರಿ.
ಇನ್ನೊಂದು ಕಾರ್ಡು ಕೊಡ್ರಿ, ಹೊಸದು.